ಕಬ್ಬಿಣ ನುಂಗಿದ ಕೋಶಗಳು

ಬಿಳಿ ರಕ್ತಕಣಗಳನ್ನು ನೋಡುವುದೇ ನನ್ನ ಉದ್ಯೋಗ. ಹಾಸನದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದೇನೆ. ಈಗ ಯಂತ್ರವೇ ಕಣಗಳನ್ನು ಎಣಿಸಿ ಅಂಕಿ ಮುದ್ರಿಸಿ ಕೊಡುತ್ತದೆ. ಆದರೂ ಯಂತ್ರ ಅನುಮಾನ ತೋರಿಸಿದ ಮಾದರಿಗಳನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಲೀಶ್‌ಮನ್ ಬಣ್ಣ ಹಾಕಿ, ನೂರು ಬಿಳಿಕಣಗಳನ್ನು ಕಣ್ಣಿನಿಂದಲೇ ಎಣಿಸುವ ಪದ್ಧತಿ ನಮ್ಮಲ್ಲಿ ಉಳಿದಿದೆ. ಬಿಳಿಕಣಗಳಲ್ಲಿ ಹಲವು ಬಗೆ: ನೂರಕ್ಕೆ ನ್ಯೂಟ್ರೊಫಿಲ್ 40ರಿಂದ 75, ಲಿಂಫೊಸೈಟ್ 20ರಿಂದ 40, ಮಾನೊಸೈಟ್ 2ರಿಂದ 10. ಈ ಗಡಿಗಳೊಳಗೆ ಬಂದರೆ ವರದಿ ನಾರ್ಮಲ್. ನನ್ನ ರಕ್ತವನ್ನೂ ಇದೇ ಮೇಜಿನ ಮೇಲೆ ಹಲವು ಸಲ ಪರೀಕ್ಷಿಸಿದ್ದೇವೆ. ಹಿಮೋಗ್ಲೋಬಿನ್ ತುಸು ಕಡಿಮೆ ಎನ್ನುವುದನ್ನು ಬಿಟ್ಟರೆ ಎಲ್ಲವೂ ಗಡಿಯೊಳಗೇ ಇತ್ತು. ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಸರಿ, ಸಿಆರ್‌ಪಿ ಸರಿ. ಹೀಗೆ ಎಲ್ಲವೂ ಸರಿಯಿದ್ದ ತಿಂಗಳುಗಳಲ್ಲೇ ಮುಟ್ಟಿನ ಎರಡನೆಯ ದಿನ ಲ್ಯಾಬಿನ ಹಿಂದಿನ ಕೋಣೆಯ ನೆಲದ ಮೇಲೆ ಮಂಡಿ ಎದೆಗೆ ಒತ್ತಿಕೊಂಡು ಮಲಗಿರುತ್ತಿದ್ದೆ. ಗರ್ಭಾಶಯದ ಒಳಪೊರೆಯಂಥ ಅಂಗಾಂಶ ಗರ್ಭಾಶಯದ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆ ಅದಕ್ಕೆ ಕಾರಣವೆಂದು ತಿಳಿದದ್ದು ಬಹಳ ತಡವಾಗಿ.

ನೋವು ಪ್ರೌಢಶಾಲೆಯ ದಿನಗಳಿಂದಲೇ ಇತ್ತು. ಅಮ್ಮ ಓಮದ ಕಷಾಯ ಕುಡಿಸಿ ಬಿಸಿನೀರಿನ ಬಾಟಲಿಯನ್ನು ಹೊಟ್ಟೆಯ ಮೇಲಿಡುತ್ತಿದ್ದರು. ಅವರಿಗೂ ಹಾಗೆಯೇ ಆಗುತ್ತಿತ್ತಂತೆ, ಅಜ್ಜಿಗೂ ಆಗುತ್ತಿತ್ತಂತೆ. ಹಾಗಾಗಿ ನಮ್ಮ ಮನೆಯಲ್ಲಿ ಅದು ಕಾಯಿಲೆ ಎನಿಸಲೇ ಇಲ್ಲ. ಕಾಲೇಜಿಗೆ ಬಂದ ಮೇಲೆ ಮೆಫೆನಾಮಿಕ್ ಆಸಿಡ್ ಎಂಬ ನೋವಿನ ಮಾತ್ರೆ ಚೀಲದಲ್ಲಿ ಖಾಯಂ ಆಯಿತು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತರೆ ಗುದದ್ವಾರದಿಂದ ಬೆನ್ನಿನವರೆಗೆ ಚೂರಿ ಹಾಯಿಸಿದಂತಾಗಿ ಕಣ್ಣು ಕತ್ತಲೆ ಬರುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಲು ಬಹಳ ವರ್ಷ ಬೇಕಾಯಿತು, ಹೇಳಿದಾಗ ಒಬ್ಬ ವೈದ್ಯರು ಕರುಳಿನ ತೊಂದರೆ ಎಂದು ಔಷಧ ಬರೆದರು. ಇನ್ನೊಬ್ಬರು ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ, ಮದುವೆಯಾದರೆ ಸರಿಹೋಗುತ್ತದೆ ಎಂದರು. ಈ ಸ್ಕ್ಯಾನಿನ ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ನಮ್ಮಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಯೋನಿಮಾರ್ಗದ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವುದಿಲ್ಲ. ಹೊಟ್ಟೆಯ ಮೇಲಿನಿಂದ ನೋಡಿದರೆ ಗರ್ಭಾಶಯದ ಹಿಂದಿನ ಭಾಗ ಚೆನ್ನಾಗಿ ಕಾಣುವುದಿಲ್ಲ, ಕಿಬ್ಬೊಟ್ಟೆಯ ಪೊರೆಯ ಮೇಲೆ ಹರಡಿದ ಸಣ್ಣ ಚುಕ್ಕೆಗಳಂತೂ ಯಾವ ಸ್ಕ್ಯಾನಿನಲ್ಲೂ ಸುಲಭವಾಗಿ ಸಿಗುವುದಿಲ್ಲ. ಅಂಥ ಸ್ಕ್ಯಾನ್ ನಾರ್ಮಲ್ ಎಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಅದಕ್ಕೆ ಕಾಣಿಸಲಿಲ್ಲ, ಅಷ್ಟೆ.

ಮದುವೆಯಾಯಿತು. ನೋವು ಹೋಗಲಿಲ್ಲ, ಗಂಡನ ಜೊತೆಗಿನ ಸಂಬಂಧದಲ್ಲೂ ನೋವು ಸೇರಿಕೊಂಡಿತು. ಮಕ್ಕಳಾಗದ್ದಕ್ಕೆ ತಪಾಸಣೆಗೆಂದು ಮೈಸೂರಿಗೆ ಹೋದಾಗ ಮೊದಲ ಬಾರಿಗೆ ಒಳಗಿನಿಂದ ಸ್ಕ್ಯಾನ್ ಮಾಡಿದರು. ಎಡ ಅಂಡಾಶಯದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಂಟು ಕಂಡಿತು. ಹಳೆಯ ರಕ್ತ ತುಂಬಿ ಕಂದುಬಣ್ಣಕ್ಕೆ ತಿರುಗಿರುವುದರಿಂದ ಇದಕ್ಕೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಸಿಎ-125 ಎಂಬ ರಕ್ತಪರೀಕ್ಷೆಯನ್ನೂ ಬರೆದಿದ್ದರು. ಅದರ ಗಡಿ 35, ನನ್ನದು ಅದಕ್ಕಿಂತ ಬಹಳ ಮೇಲಿತ್ತು. ಅದು ಅಂಡಾಶಯದ ಕ್ಯಾನ್ಸರ್ ಇದ್ದಾಗ ಏರುವ ಗುರುತು ಎಂದು ಮೊಬೈಲಿನಲ್ಲಿ ಓದಿದ ನನ್ನ ಗಂಡ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಎಂಡೋಮೆಟ್ರಿಯೋಸಿಸ್‌ನಲ್ಲೂ, ಕೆಲವರಿಗೆ ಬರಿಯ ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ. ಅದನ್ನೊಂದನ್ನೇ ಹಿಡಿದು ಇಂಥದೇ ಕಾಯಿಲೆ ಎಂದು ನಿರ್ಧರಿಸಲು ಬರುವುದಿಲ್ಲ. ವರದಿ ಕೊಡುವ ಲ್ಯಾಬಿನವರು ಈ ಒಂದು ಸಾಲನ್ನು ಕೆಳಗೆ ಬರೆದರೆ ಎಷ್ಟೋ ಮನೆಗಳ ಆತಂಕ ತಪ್ಪುತ್ತದೆ. ನಮ್ಮ ಲ್ಯಾಬಿನಲ್ಲಿ ಈಗ ಬರೆಯುತ್ತೇವೆ.

ಮೈಸೂರಿನ ಆ ಸ್ತ್ರೀರೋಗ ತಜ್ಞೆ ಕಾಗದದ ಮೇಲೆ ಗರ್ಭಾಶಯದ ಚಿತ್ರ ಬಿಡಿಸಿ ವಿವರಿಸಿದರು. ಗರ್ಭಾಶಯದ ಒಳಪೊರೆಯನ್ನು ಹೋಲುವ ಅಂಗಾಂಶ ಗರ್ಭಾಶಯದ ಹೊರಗೆ, ಅಂಡಾಶಯ, ಕಿಬ್ಬೊಟ್ಟೆಯ ಪೊರೆ, ಕರುಳು, ಮೂತ್ರಕೋಶ ಇಂಥ ಕಡೆ ಬೇರೂರಿ, ತಿಂಗಳು ತಿಂಗಳೂ ಹಾರ್ಮೋನಿನ ಕರೆಗೆ ಓಗೊಡುವುದೇ ಎಂಡೋಮೆಟ್ರಿಯೋಸಿಸ್. ಮುಟ್ಟಿನ ರಕ್ತದ ಒಂದಂಶ ಡಿಂಬನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರ ಜೊತೆ ಹೋದ ಒಳಪೊರೆಯ ತುಣುಕುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಅಮೆರಿಕದ ಜಾನ್ ಸ್ಯಾಂಪ್‌ಸನ್ ಎಂಬ ವೈದ್ಯರು 1927ರಲ್ಲಿ ಮುಂದಿಟ್ಟ ವಿವರಣೆ ಇದು.

"ಹಾಗಾದರೆ ಬೇರೆಯವರಿಗೆ ರಕ್ತ ಹಿಂದಕ್ಕೆ ಹರಿಯುವುದಿಲ್ಲವೇ ಮೇಡಂ?" ಎಂದು ಕೇಳಿದೆ.

"ಹರಿಯುತ್ತದಮ್ಮ. ನಾಳ ತೆರೆದಿರುವ ಹತ್ತರಲ್ಲಿ ಸುಮಾರು ಒಂಬತ್ತು ಹೆಂಗಸರಿಗೆ ಹರಿಯುತ್ತದೆ. ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ಉಳಿದವರ ಹೊಟ್ಟೆಯಲ್ಲಿ ಬಿದ್ದ ತುಣುಕುಗಳನ್ನು ಯಾರು ತೆಗೆದುಹಾಕುತ್ತಾರೆ ಹೇಳಿ? ನೀವು ಲ್ಯಾಬಿನಲ್ಲಿ ದಿನವೂ ನೋಡುವ ಕಣಗಳೇ."

ಆ ಮಾತು ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಹಾಸನಕ್ಕೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಆ ಕಣಗಳು ಏಕೆ ನನ್ನಲ್ಲಿ ಕೆಲಸ ಮಾಡಲಿಲ್ಲ? ಮಾಡದಿದ್ದರೆ ನನ್ನ ರಕ್ತದಲ್ಲಿ ಏಕೆ ಗೊತ್ತಾಗಲಿಲ್ಲ? ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವವರೆಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅರ್ಥವಾಗದ್ದನ್ನು ನಮ್ಮ ಲ್ಯಾಬಿಗೆ ಬಂದುಹೋಗುವ ಪೆಥಾಲಜಿಸ್ಟ್ ಸರ್ ಅವರನ್ನು ಕೇಳಿದೆ.

ಈ ಅನುಮಾನ ಹೊಸದಲ್ಲ. 1981ರಲ್ಲಿ ಅಮೆರಿಕದಲ್ಲಿ ಡಮೌಸ್ಕಿ ಮತ್ತು ಸಂಗಡಿಗರು ತಾನಾಗಿಯೇ ಎಂಡೋಮೆಟ್ರಿಯೋಸಿಸ್ ಬಂದಿದ್ದ ರೀಸಸ್ ಕೋತಿಗಳನ್ನು ಪರೀಕ್ಷಿಸಿದರು. ತಮ್ಮದೇ ಗರ್ಭಾಶಯದ ಒಳಪೊರೆಯ ಅಂಶವನ್ನು ಚರ್ಮಕ್ಕೆ ಚುಚ್ಚಿದಾಗ ಆರೋಗ್ಯವಾಗಿದ್ದ ಕೋತಿಗಳಿಗಿಂತ ಈ ಕೋತಿಗಳ ಪ್ರತಿಕ್ರಿಯೆ ದುರ್ಬಲವಾಗಿತ್ತು. ಹತ್ತು ವರ್ಷದ ನಂತರ, 1991ರಲ್ಲಿ, ಬೆಲ್ಜಿಯಂನ ಲ್ಯೂವೆನ್‌ನ ಸಂಶೋಧಕರು ಕಾಯಿಲೆಯಿದ್ದ ಮಹಿಳೆಯರಲ್ಲಿ ನ್ಯಾಚುರಲ್ ಕಿಲ್ಲರ್ ಕೋಶಗಳ ಕೊಲ್ಲುವ ಸಾಮರ್ಥ್ಯ ಕುಗ್ಗಿರುವುದನ್ನು ತೋರಿಸಿದರು. ಈ ಕೋಶಗಳ ಪರಿಚಯ ನನಗಿದೆ. ಸ್ಲೈಡಿನಲ್ಲಿ ಅವು ತುಸು ದೊಡ್ಡ ಗಾತ್ರದ, ಒಳಗೆ ಕೆಂಪು ಹರಳುಗಳಿರುವ ಲಿಂಫೊಸೈಟ್‌ಗಳಾಗಿ ಕಾಣುತ್ತವೆ. ನಾವು ಅವನ್ನು ಲಿಂಫೊಸೈಟ್ ಲೆಕ್ಕಕ್ಕೇ ಸೇರಿಸಿ ಮುಂದೆ ಹೋಗುತ್ತೇವೆ. ಎಣಿಸುವವಳಿಗೆ ಅವು ಎಷ್ಟಿವೆ ಎಂದು ತಿಳಿಯುತ್ತದೆಯೇ ಹೊರತು ಎದುರಿಗೆ ಬಂದ ತುಣುಕನ್ನು ಕೊಲ್ಲುತ್ತವೆಯೋ ಇಲ್ಲವೋ ತಿಳಿಯುವುದಿಲ್ಲ. ಜೊತೆಗೆ ಈ ಕಾಯಿಲೆಯ ಗದ್ದಲವೆಲ್ಲ ನಡೆಯುವುದು ಕಿಬ್ಬೊಟ್ಟೆಯ ಪೊರೆಗಳ ನಡುವಿನ ಸ್ವಲ್ಪ ದ್ರವದಲ್ಲಿ. ತೋಳಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ತೆಗೆದ ಎರಡು ಮಿಲಿಲೀಟರ್ ರಕ್ತ ಅಲ್ಲಿನ ಸುದ್ದಿಯನ್ನು ಹೇಳದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ರಕ್ತವನ್ನೇ ಸಾಕ್ಷಿಯಾಗಿಟ್ಟು ಹೆಣ್ಣಿನ ನೋವನ್ನು ಅಲ್ಲಗಳೆಯುವುದು ಅನ್ಯಾಯ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಪರೊಸ್ಕೋಪಿ, ಅಂದರೆ ಹೊಕ್ಕುಳಿನ ಬಳಿ ಮತ್ತು ಕೆಳಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ, ಕ್ಯಾಮೆರಾ ಇಳಿಸಿ ಮಾಡುವುದು. ಹಿಂದಿನ ದಿನ ಕರುಳು ಖಾಲಿ ಮಾಡಿಸಿದರು. ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ನೋಯುತ್ತಿತ್ತು. ಉಳಿದ ಅನಿಲ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸಿದರೆ ನೋವು ಭುಜದಲ್ಲಿ ತೋರುತ್ತದೆ ಎಂದು ಮೊದಲೇ ತಿಳಿಸಿದ್ದರಿಂದ ಗಾಬರಿಯಾಗಲಿಲ್ಲ, ಯಾರಿಗಾದರೂ ಈ ಆಪರೇಷನ್ ಆಗುವುದಿದ್ದರೆ ಇದನ್ನು ತಪ್ಪದೆ ಹೇಳಿಡಿ. ಮರುದಿನ ವೈದ್ಯೆ ವಿಡಿಯೋ ತೋರಿಸಿದರು. ಅಂಡಾಶಯ ಗರ್ಭಾಶಯದ ಹಿಂಭಾಗಕ್ಕೆ ಅಂಟಿತ್ತು, ಗುದನಾಳವೂ ಅಲ್ಲಿಗೇ ಎಳೆದುಕೊಂಡಿತ್ತು. ಮಲವಿಸರ್ಜನೆಯ ನೋವಿಗೆ ಕಾರಣ ಎದುರಿಗೇ ಕಾಣಿಸಿತು. ಪೊರೆಯ ಮೇಲೆ ಮದ್ದಿನ ಕಿಡಿ ಬಿದ್ದು ಸುಟ್ಟಂಥ ಕಪ್ಪು ಚುಕ್ಕೆಗಳು, ಕೆಲವು ಕೆಂಪು, ಕೆಲವು ಬಿಳಿಯ ಗಾಯದ ಕಲೆಗಳು. ನಾಲ್ಕನೆಯ ಹಂತ ಎಂದು ಬರೆದರು. ಹಂತಕ್ಕೂ ನೋವಿಗೂ ಹೊಂದಿಕೆಯಿಲ್ಲ ಎಂಬುದನ್ನೂ ಅವರೇ ಹೇಳಿದರು. ಮೊದಲ ಹಂತದಲ್ಲೇ ನರಳುವವರಿದ್ದಾರೆ, ನಾಲ್ಕನೆಯ ಹಂತದಲ್ಲೂ ನೋವೇ ಇಲ್ಲದವರಿದ್ದಾರೆ.

ನನಗೆ ಮುಖ್ಯವಾದದ್ದು ಆಮೇಲೆ ನಡೆದದ್ದು.

ತೆಗೆದ ಅಂಗಾಂಶ ಬಯಾಪ್ಸಿಗೆ ಹೋಗಿತ್ತು. ವರದಿ ಬಂದ ಮೇಲೆ ಸ್ಲೈಡುಗಳನ್ನು ಎರಡನೆಯ ಅಭಿಪ್ರಾಯಕ್ಕೆಂದು ಕೇಳಿ ತರಿಸಿಕೊಳ್ಳಲು ರೋಗಿಗೆ ಅವಕಾಶವಿದೆ. ನಾನು ತರಿಸಿಕೊಂಡೆ. ಒಂದು ಸಂಜೆ ಮಾದರಿಗಳೆಲ್ಲ ಮುಗಿದ ಮೇಲೆ ಪೆಥಾಲಜಿಸ್ಟ್ ಸರ್ ಸ್ಲೈಡನ್ನು ವೇದಿಕೆಯ ಮೇಲಿಟ್ಟು ಒಂದು ನಿಮಿಷ ನೋಡಿ, ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಕುಳಿತುಕೊಳ್ಳಮ್ಮ, ನೀನೇ ನೋಡು. ಮೊದಲು ಕಡಿಮೆ ಪವರ್‌ನಲ್ಲಿ ನೋಡು."

ಗುಲಾಬಿ ಬಣ್ಣದ ನಾರಿನ ಹಾಸು. ಅದರ ನಡುವೆ ಒಂದು ಗ್ರಂಥಿ. ಎತ್ತರದ ಕೋಶಗಳು ಒಂದಕ್ಕೊಂದು ಒತ್ತಾಗಿ ನಿಂತು ಮಧ್ಯದಲ್ಲಿ ಬಯಲು ಬಿಟ್ಟಿದ್ದವು. ಅದರ ಸುತ್ತ ನೀಲಿ ಬೀಜಕೇಂದ್ರಗಳ ಪುಟ್ಟ ಕೋಶಗಳ ದಟ್ಟಣೆ, ಅಲ್ಲಲ್ಲಿ ಕೂದಲೆಳೆಯಂಥ ರಕ್ತನಾಳ. ಗರ್ಭಾಶಯದೊಳಗೆ ಇರಬೇಕಾದ ರಚನೆ ಅಂಡಾಶಯದ ಗೋಡೆಯಲ್ಲಿ ಪೂರ್ತಿಯಾಗಿ ಸಂಸಾರ ಹೂಡಿತ್ತು. "ಗ್ರಂಥಿ ಒಂದು, ಅದರ ಸುತ್ತಲ ಸ್ಟ್ರೋಮಾ, ಅಂದರೆ ಆಧಾರದ ಅಂಗಾಂಶ, ಎರಡು. ಈ ಕಾಯಿಲೆಯ ಮೂರನೆಯ ಗುರುತನ್ನು ಹುಡುಕು" ಎಂದರು ಸರ್. ಸ್ಲೈಡನ್ನು ಸರಿಸಿ ಹೆಚ್ಚಿನ ಪವರ್ ಹಾಕಿದೆ. ಗುಂಪು ಗುಂಪಾಗಿ ದೊಡ್ಡ ಕೋಶಗಳು, ಅವುಗಳ ಒಡಲ ತುಂಬ ಕಂದು ಬಣ್ಣದ ಹರಳುಗಳು. ಹಿಮೋಸಿಡರಿನ್ ತುಂಬಿದ ಮ್ಯಾಕ್ರೋಫೇಜ್‌ಗಳು.

ಮ್ಯಾಕ್ರೋಫೇಜ್ ಎಂದರೆ ನುಂಗುವ ಕೋಶ. ಅವುಗಳಲ್ಲಿ ಅನೇಕವು ಹುಟ್ಟುವುದು ನಾನು ದಿನವೂ ಎಣಿಸುವ ಮಾನೊಸೈಟ್‌ಗಳಿಂದಲೇ. ರಕ್ತನಾಳವನ್ನು ದಾಟಿ ಅಂಗಾಂಶಕ್ಕೆ ಇಳಿದ ಮಾನೊಸೈಟ್ ಮ್ಯಾಕ್ರೋಫೇಜ್ ಆಗುತ್ತದೆ. ಈ ಅಂಗಾಂಶದಲ್ಲಿ ತಿಂಗಳು ತಿಂಗಳೂ ಸೋರಿದ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲ. ಆ ಕೆಂಪುಕಣಗಳನ್ನು ಇವು ನುಂಗಿವೆ, ಹಿಮೋಗ್ಲೋಬಿನ್ ಒಡೆದಿವೆ, ಅದರ ಕಬ್ಬಿಣವನ್ನು ಹಿಮೋಸಿಡರಿನ್ ರೂಪದಲ್ಲಿ ಒಳಗೇ ಇಟ್ಟುಕೊಂಡಿವೆ. ಸರ್ ಅವರಿಗೂ ಉತ್ಸಾಹ ಬಂದು ಇನ್ನೊಂದು ಸ್ಲೈಡಿಗೆ ಪರ್ಲ್ಸ್ ಬಣ್ಣ ಹಾಕಿಸಿದರು. ಕಬ್ಬಿಣವಿದ್ದ ಕಡೆಯೆಲ್ಲ ದಟ್ಟ ನೀಲಿ ಎದ್ದುಬಂತು. ಇಡೀ ಕ್ಷೇತ್ರ ನೀಲಿ ಚುಕ್ಕೆ. ಯಾವ ಯಾವ ತಿಂಗಳ ನೋವು ಎಲ್ಲೆಲ್ಲಿ ಕುಳಿತಿದೆ ಎಂದು ಹುಡುಕುವವಳ ಹಾಗೆ ನಾನು ಸ್ಲೈಡನ್ನು ಅಂಚಿನಿಂದ ಅಂಚಿಗೆ ಸರಿಸಿದೆ. ನೋವು ನಿಜವಾಗಿತ್ತು. ಅದಕ್ಕೆ ಬಣ್ಣವಿತ್ತು, ಆಕಾರವಿತ್ತು. ನನ್ನ ದೇಹ ಅದನ್ನು ಮೊದಲಿನಿಂದಲೂ ಗಮನಿಸಿ ತನ್ನ ಕೋಶಗಳನ್ನು ಅಲ್ಲಿಗೆ ಕಳುಹಿಸುತ್ತಲೇ ಇತ್ತು.

ನನ್ನ ಮಟ್ಟಿಗೆ ಈ ಕಾಯಿಲೆಯ ತಿರುಳು ಇಲ್ಲಿದೆ. ನನ್ನ ರೋಗನಿರೋಧಕ ವ್ಯವಸ್ಥೆ ನಿದ್ದೆ ಮಾಡುತ್ತಿರಲಿಲ್ಲ. ಕೋಶಗಳು ಬಂದಿದ್ದವು, ದಂಡಿಯಾಗಿ ಬಂದಿದ್ದವು, ನುಂಗಿಯೂ ಇದ್ದವು. ಎಂಡೋಮೆಟ್ರಿಯೋಸಿಸ್ ಇರುವವರ ಕಿಬ್ಬೊಟ್ಟೆಯ ದ್ರವದಲ್ಲಿ ಮ್ಯಾಕ್ರೋಫೇಜ್‌ಗಳ ಸಂಖ್ಯೆ ಹೆಚ್ಚಿರುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ದಾರಿತಪ್ಪಿದ ಒಳಪೊರೆಯ ತುಣುಕನ್ನು ಗುರುತಿಸಿ ಕಬಳಿಸುವ ಅವುಗಳ ಶಕ್ತಿ ಕುಗ್ಗಿರುತ್ತದೆ. ಬದಲಿಗೆ ಅವು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಮೊದಲಾದ ಉರಿಯೂತದ ಸಂಕೇತಗಳನ್ನು ಸುರಿಸುತ್ತವೆ. ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಅಂಶವನ್ನೂ ಬಿಡುಗಡೆ ಮಾಡುತ್ತವೆ. ಕಳೆ ಕೀಳಲು ಕರೆದ ಆಳು ಕಳೆಯ ಬುಡಕ್ಕೇ ನೀರು ಗೊಬ್ಬರ ಹಾಕಿ ಹೋದಂತೆ. ಉರಿಯೂತದಿಂದ ಪ್ರೊಸ್ಟಗ್ಲಾಂಡಿನ್ ಎಂಬ, ನೋವು ಹೆಚ್ಚಿಸುವ ರಾಸಾಯನಿಕ ಹೆಚ್ಚುತ್ತದೆ, ಅದು ಆ ಅಂಗಾಂಶದಲ್ಲಿ ಅರೋಮಟೇಸ್ ಕಿಣ್ವವನ್ನು ಎಬ್ಬಿಸಿ ಆ ಅಂಗಾಂಶವನ್ನು ಪೋಷಿಸುವ ಈಸ್ಟ್ರೋಜನ್ ಹಾರ್ಮೋನು ಅಲ್ಲೇ ತಯಾರಾಗುವಂತೆ ಮಾಡುತ್ತದೆ, ಆ ಈಸ್ಟ್ರೋಜನ್ ಮತ್ತೆ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸುತ್ತದೆ. ಒಮ್ಮೆ ಈ ಚಕ್ರ ಸುತ್ತಲು ಹಿಡಿದರೆ ತಾನಾಗಿ ನಿಲ್ಲುವುದು ಕಷ್ಟ.

ನೋವಿಗೂ ಈ ಕೋಶಗಳಿಗೂ ನೇರ ಸಂಬಂಧವಿದೆ. ಮ್ಯಾಕ್ರೋಫೇಜ್‌ಗಳು ಸುರಿಸುವ ಐಜಿಎಫ್-1 ಎಂಬ ಅಂಶ ನರದ ಎಳೆಗಳನ್ನು ಬೆಳೆಸಿ ಅವನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ ಎಂದು ಬ್ರಿಟನ್‌ನ ಸಂಶೋಧಕರು 2019ರಲ್ಲಿ ತೋರಿಸಿದರು. ಅಂದರೆ ರಕ್ತಸ್ರಾವ ಮಾತ್ರವಲ್ಲ, ಅದರ ಸುತ್ತ ಹೊಸದಾಗಿ ಚಿಗುರಿದ ನರಗಳೂ ನೋಯುತ್ತವೆ. ಮುಟ್ಟು ಮುಗಿದ ಮೇಲೂ ನನಗೆ ಬೆನ್ನು, ತೊಡೆ ಏಕೆ ನೋಯುತ್ತಿದ್ದವೆಂದು ಇದನ್ನು ಓದಿದ ಮೇಲೆ ಸ್ವಲ್ಪ ಅರ್ಥವಾಯಿತು. ಮಕ್ಕಳಾಗದಿರುವುದರಲ್ಲೂ ಈ ಕೋಶಗಳ ಪಾಲಿದೆ ಎಂಬ ಸುಳಿವು 1982ರಷ್ಟು ಹಿಂದೆಯೇ ಸಿಕ್ಕಿತ್ತು. ಕಾಯಿಲೆಯಿರುವ ಮಹಿಳೆಯರ ಕಿಬ್ಬೊಟ್ಟೆಯ ಮ್ಯಾಕ್ರೋಫೇಜ್‌ಗಳು ಪ್ರಯೋಗಾಲಯದಲ್ಲಿ ವೀರ್ಯಾಣುಗಳನ್ನು ಹೆಚ್ಚಾಗಿ ನುಂಗಿದವು. ಬೇಡದ ತುಣುಕನ್ನು ಬಿಟ್ಟು ಬೇಕಾದುದನ್ನು ತಿನ್ನುವ ಆ ಕೋಶಗಳ ಬಗ್ಗೆ ಓದಿದ ರಾತ್ರಿ ನಾನು ಅತ್ತೆ. ಯಾರ ಮೇಲೂ ಸಿಟ್ಟಿರಲಿಲ್ಲ, ದುಃಖ ಮಾತ್ರ ಇತ್ತು.

ಸ್ಲೈಡಿನ ಫೋಟೋವನ್ನು ಮನೆಯಲ್ಲಿ ತೋರಿಸಿದಾಗ ನಮ್ಮ ಅತ್ತೆ ಒಂದು ಪ್ರಶ್ನೆ ಕೇಳಿದರು. "ಅಲ್ಲಮ್ಮ, ಒಳಗೆ ಇಷ್ಟು ಕಬ್ಬಿಣವಿದ್ದರೆ ನಿನಗೆ ರಕ್ತ ಕಡಿಮೆ ಎಂದು ಏಕೆ ಮಾತ್ರೆ ಕೊಡುತ್ತಾರೆ?" ಆರನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಹಿಮೋಸಿಡರಿನ್ ಆಗಿ ದಾರಿತಪ್ಪಿದ ಅಂಗಾಂಶದ ಗಾಯದೊಳಗೆ ಸಿಕ್ಕಿಬಿದ್ದ ಕಬ್ಬಿಣ ಮೂಳೆಮಜ್ಜೆಗೆ ಹೋಗಿ ಹೊಸ ರಕ್ತವಾಗುವುದು ಸುಲಭವಲ್ಲ, ಅಲ್ಲೇ ಕುಳಿತು ಉರಿಯೂತಕ್ಕೆ ಇನ್ನಷ್ಟು ಇಂಬು ಕೊಡುತ್ತದೆ ಎಂದು ಹೇಳಿದೆ. ಅಂದಿನಿಂದ ಯಾರಾದರೂ ನೆಂಟರು ಮಗುವಿನ ಮಾತೆತ್ತಿದರೆ ಅತ್ತೆಯೇ ಮುಂದೆ ಬಂದು ಉತ್ತರ ಹೇಳುತ್ತಾರೆ. ಮಗುವಾದರೆ ಈ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತೂ ನಮ್ಮ ಕಡೆ ಬಲವಾಗಿದೆ. ಗರ್ಭಿಣಿಯಾಗಿರುವಾಗ ಕೆಲವರಿಗೆ ನೋವು ತಗ್ಗಬಹುದು, ಆದರೆ ಅದು ಚಿಕಿತ್ಸೆಯಲ್ಲ.

ಇಷ್ಟು ತಿಳಿದ ಮೇಲೆ ನನಗೆ ತಡೆಯಲಾಗದ ಸಂಗತಿ ಒಂದಿದೆ. ಕೋವಿಡ್ ಬಂದುಹೋದಾಗಿನಿಂದ ನಮ್ಮ ಊರುಗಳಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಲೇಹ್ಯ, ರಸಗಳ ಮಾರಾಟ ಕಿರಾಣಿ ಅಂಗಡಿಯವರೆಗೂ ಬಂದಿದೆ. ನನಗೆ ಇಮ್ಯುನಿಟಿ ಕಡಿಮೆ, ಆದ್ದರಿಂದಲೇ ಹೀಗಾಗಿದೆ ಎಂದು ನಂಬಿಸಿ ಸಾವಿರಾರು ರೂಪಾಯಿಯ ಡಬ್ಬ ತಂದುಕೊಟ್ಟವರು ಪ್ರೀತಿಯಿಂದಲೇ ತಂದರು. ಅವರಿಗೆ ಸ್ಲೈಡಿನ ಫೋಟೋ ತೋರಿಸಿ ಹೇಳಿದೆ: ಇಲ್ಲಿ ಕೋಶಗಳಿಗೆ ಬರಗಾಲವಿಲ್ಲ. ಕೆಲವು ಕೋಶಗಳು ಮಂಕಾಗಿವೆ, ಕೆಲವು ಅತಿಯಾಗಿ ಕೆರಳಿವೆ, ಕೆಲವು ಪಕ್ಷ ಬದಲಿಸಿವೆ. ಇವುಗಳಲ್ಲಿ ಯಾವುದನ್ನು ಹೆಚ್ಚಿಸುತ್ತೀರಿ? 2021ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಗರ್ಭಾಶಯದ ಒಳಪೊರೆಯಿಂದಲೇ ಬಂದ ಮ್ಯಾಕ್ರೋಫೇಜ್‌ಗಳು ಗಾಯವನ್ನು ಬೆಳೆಸಿದರೆ, ರಕ್ತದ ಮಾನೊಸೈಟ್‌ಗಳಿಂದ ಹೊಸದಾಗಿ ಬಂದವು ಬೆಳವಣಿಗೆಯನ್ನು ತಡೆದವು. ಹೆಸರು ಒಂದೇ, ನೋಟಕ್ಕೂ ಒಂದೇ, ಬಂದ ದಾರಿ ಬೇರೆಯಾದದ್ದಕ್ಕೆ ಕೆಲಸವೂ ಬೇರೆ. ಇಷ್ಟು ನವಿರಾದ ವ್ಯವಸ್ಥೆಯನ್ನು ಒಂದು ಚಮಚ ಪುಡಿಯಿಂದ ಸರಿಪಡಿಸುವ ಭರವಸೆ ಕೊಡುವುದು ನೋಯುತ್ತಿರುವವರಿಗೆ ಮಾಡುವ ಮೋಸ.

ಹಾಗಾದರೆ ಕೆರಳಿದ್ದನ್ನು ತಣಿಸುವ ಔಷಧ ಕೊಟ್ಟರೆ? ನನಗೂ ಹಾಗೆಯೇ ಅನಿಸಿತ್ತು. ಸಂಧಿವಾತಕ್ಕೆ ಕೊಡುವ, ಟಿಎನ್‌ಎಫ್-ಆಲ್ಫಾವನ್ನು ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಆಳಕ್ಕೆ ಇಳಿದ ಎಂಡೋಮೆಟ್ರಿಯೋಸಿಸ್ ಇರುವ ಸಣ್ಣ ಗುಂಪಿನ ಮಹಿಳೆಯರ ಮೇಲೆ ಪ್ರಯೋಗಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೋಲಿಕೆಗೆಂದು ಕೊಟ್ಟ, ಔಷಧಾಂಶವೇ ಇಲ್ಲದ ಖಾಲಿ ಮದ್ದಿಗಿಂತ ನೋವಿನಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಒಂದು ಸಂಕೇತವನ್ನು ಮುಚ್ಚಿದರೆ ಉಳಿದವು ಮಾತಾಡುತ್ತಲೇ ಇರುತ್ತವೆ ಎಂದು ನನಗೆ ತೋರುತ್ತದೆ. ಜಪಾನಿನಿಂದ 2023ರಲ್ಲಿ ಎರಡು ಆಸೆ ಹುಟ್ಟಿಸುವ ಸುದ್ದಿಗಳು ಬಂದವು. ಇಂಟರ್‌ಲ್ಯೂಕಿನ್-8 ಅನ್ನು ತಡೆಯುವ ಪ್ರತಿಕಾಯವೊಂದು ಕೋತಿಗಳಲ್ಲಿ ಗಾಯದ ಗಾತ್ರವನ್ನೂ ನಾರುಗಟ್ಟುವಿಕೆಯನ್ನೂ ತಗ್ಗಿಸಿತು. ಇನ್ನೊಂದು ನಗೋಯಾ ವಿಶ್ವವಿದ್ಯಾಲಯದ್ದು: ಕಾಯಿಲೆಯಿದ್ದವರಲ್ಲಿ ನೂರಕ್ಕೆ 64 ಮಂದಿಯ ಗರ್ಭಾಶಯದ ಒಳಪೊರೆಯಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಇಲ್ಲದವರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ, ಮತ್ತು ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ಗಾಯಗಳು ಕುಗ್ಗಿದವು. ಈ ಸುದ್ದಿ ಓದಿ ಔಷಧದಂಗಡಿಗೆ ಹೋಗಿ ಆಂಟಿಬಯಾಟಿಕ್ ಕೊಳ್ಳಬೇಡಿ. ಇಲಿಗಳಲ್ಲಿ ಆದದ್ದು ಹೆಂಗಸರಲ್ಲಿ ಆಗುತ್ತದೆಂದು ಇನ್ನೂ ತೋರಿಸಿಲ್ಲ.

ಇದು ತನ್ನ ಮೇಲೆ ತಾನೇ ದಾಳಿ ಮಾಡುವ ಆಟೋಇಮ್ಯೂನ್ ಕಾಯಿಲೆಯೇ ಎಂಬ ಪ್ರಶ್ನೆಯನ್ನು ನಾರ್ಬರ್ಟ್ ಗ್ಲೈಕರ್ ಎಂಬ ವೈದ್ಯರು 1987ರಲ್ಲೇ ಎತ್ತಿದ್ದರು. ಇಂದಿಗೂ ಇದನ್ನು ಆ ಪಟ್ಟಿಗೆ ಸೇರಿಸಿಲ್ಲ. ಆದರೆ ನಂಟು ಗಟ್ಟಿಯಾಗಿದೆ. ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ ದೊಡ್ಡ ದತ್ತಾಂಶವನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಡೋಮೆಟ್ರಿಯೋಸಿಸ್ ಇರುವವರಿಗೆ ಸಂಧಿವಾತ, ಮಲ್ಟಿಪಲ್ ಸ್ಕ್ಲೆರೋಸಿಸ್, ಸೀಲಿಯಾಕ್, ಸೋರಿಯಾಸಿಸ್‌ನಂಥ ಕಾಯಿಲೆಗಳ ಸಾಧ್ಯತೆ ಶೇಕಡ 30ರಿಂದ 80ರಷ್ಟು ಹೆಚ್ಚು ಎಂದು ಕಂಡಿತು. ಮೂಲದಲ್ಲಿ ಸಣ್ಣದಾಗಿರುವ ಸಾಧ್ಯತೆ ಅಷ್ಟು ಏರಿದರೂ ಸಣ್ಣದೇ, ಹೆದರಬೇಕಾಗಿಲ್ಲ. ನನ್ನ ಬೆರಳಿನ ಗೆಣ್ಣುಗಳು ಬೆಳಿಗ್ಗೆ ಬಿಗಿಯಾಗುತ್ತಿವೆ ಎಂದು ವೈದ್ಯೆಗೆ ಹೇಳಿದಾಗ ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳದೆ ಪರೀಕ್ಷೆ ಬರೆದರು. ಸದ್ಯಕ್ಕೆ ಸಂಧಿವಾತವಿಲ್ಲ. ಥೈರಾಯ್ಡ್ ಪ್ರತಿಕಾಯ ಮಾತ್ರ ಹೆಚ್ಚಿದೆ, ವರ್ಷಕ್ಕೊಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ.

ಈಗ ದಿನಕ್ಕೊಂದು ಡೈನೊಜೆಸ್ಟ್ ಮಾತ್ರೆ, 2 ಮಿಲಿಗ್ರಾಂ. ಇದು ಪ್ರೊಜೆಸ್ಟರಾನ್ ಗುಂಪಿನ ಹಾರ್ಮೋನು. ಈಸ್ಟ್ರೋಜನ್ನಿನ ಪೋಷಣೆ ತಗ್ಗಿದರೆ ಗಾಯ ಸೊರಗುತ್ತದೆ, ಉರಿಯೂತವೂ ಇಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಹನಿ ಹನಿ ರಕ್ತಸ್ರಾವ ಸತಾಯಿಸಿತು, ಮನಸ್ಸು ಕುಗ್ಗಿದ ದಿನಗಳೂ ಇದ್ದವು. ಈಗ ಮುಟ್ಟು ನಿಂತಿದೆ, ಕೆಲಸದ ಮೇಜಿನ ಮುಂದೆ ದಿನವಿಡೀ ಕೂರಬಲ್ಲೆ. ಮಗು ಬೇಕೆಂದು ತೀರ್ಮಾನಿಸಿದ ದಿನ ಮಾತ್ರೆ ನಿಲ್ಲಿಸಬೇಕು, ಅದರ ಮಾತು ನಾವಿಬ್ಬರೂ ಆಡುತ್ತಿದ್ದೇವೆ. ಮೆಫೆನಾಮಿಕ್ ಆಸಿಡ್ ಬಗ್ಗೆ ಒಂದು ಮಾತು. ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವುದರಿಂದಲೇ ಅದು ನೋವನ್ನು ತಗ್ಗಿಸುತ್ತದೆ. ಆದರೆ ಅಪರೂಪಕ್ಕೆ ಅದು ಡ್ರೆಸ್ ಸಿಂಡ್ರೋಮ್ ಎಂಬ ತೀವ್ರ ಅಲರ್ಜಿಯನ್ನು ಉಂಟುಮಾಡಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಜ್ವರದೊಂದಿಗೆ ಮೈಮೇಲೆ ದದ್ದು ಎದ್ದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ. ಅವಳಿಗಳ ಅಧ್ಯಯನಗಳ ಪ್ರಕಾರ ಅಪಾಯದ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಪಿಯು ಓದುತ್ತಿರುವ ನಮ್ಮ ಅಕ್ಕನ ಮಗಳು ಒಂದು ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮ, ನಿಮಗೆ ಶೌಚಾಲಯದಲ್ಲಿ ಆಗುತ್ತಿತ್ತು ಎಂದಿರಲ್ಲ, ನನಗೂ ಹಾಗೇ ಆಗುತ್ತದೆ" ಎಂದಳು. ನಾನು ಮನೆಯಲ್ಲಿ ನಾಚದೆ ಹೇಳಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು. ಅಕ್ಕ ಹಿಂಜರಿದಳು, ಈ ವಯಸ್ಸಿಗೇ ಆಪರೇಷನ್ ಎಂದರೆ ಹೇಗೆ ಎಂದು. ಈಗ ಎಲ್ಲರಿಗೂ ಕೊಯ್ದು ನೋಡಬೇಕಾಗಿಲ್ಲ. ಸಂತಾನೋತ್ಪತ್ತಿ ವೈದ್ಯಕೀಯದ ಯುರೋಪಿನ ಇಎಸ್‌ಎಚ್‌ಆರ್‌ಇ ಸಂಸ್ಥೆಯ 2022ರ ಮಾರ್ಗಸೂಚಿ ಲ್ಯಾಪರೊಸ್ಕೋಪಿಯೇ ರೋಗಪತ್ತೆಯ ಕಟ್ಟಕಡೆಯ ಪ್ರಮಾಣ ಎಂಬ ಹಳೆಯ ನಿಲುವನ್ನು ಕೈಬಿಟ್ಟಿದೆ. ಲಕ್ಷಣಗಳನ್ನು ಕೇಳಿ ತಿಳಿದು, ಬೇರೆ ಕಾರಣಗಳನ್ನು ಪರಿಶೀಲಿಸಿ, ಔಷಧ ಆರಂಭಿಸಬಹುದು. ಅವಳನ್ನು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಯಾವ ದಿನ ನೋವು, ಎಲ್ಲಿ, ಎಷ್ಟು, ಆ ದಿನ ಕಾಲೇಜು ತಪ್ಪಿತೇ ಎಂಬುದನ್ನು ಅವಳು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಳು. ವೈದ್ಯೆ ಪುಟ ಪುಟವನ್ನೂ ಓದಿದರು. ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ, ಅದನ್ನೇ ಕಡೆಯ ಮಾತೆಂದು ಅವರು ಎಣಿಸಲಿಲ್ಲ. ಹಾರ್ಮೋನಿನ ಮಾತ್ರೆ ಬರೆದು, ಮೂರು ತಿಂಗಳು ನೋಡೋಣ, ನೋವು ಇಳಿಯದಿದ್ದರೆ ಎಂಆರ್‌ಐ ಮಾಡಿಸೋಣ ಎಂದರು. ಈಗ ಅವಳ ಮೊದಲ ಪಟ್ಟಿ ಮಾತ್ರೆ ಮುಗಿಯುತ್ತಾ ಬಂದಿದೆ, ದ್ವಿತೀಯ ಪಿಯು ಪರೀಕ್ಷೆ ಹತ್ತಿರವಿದೆ.